ವಿಕ್ಟರಿ ನೌಕೆಯ ಲಂಗರು

ಪೂರ್ವಕಾಲದ ನೌಕಾಯುದ್ಧಗಳ ವೃತ್ತಾಂತವನ್ನು ಓದುವವರ ಲಕ್ಷ್ಯವು ಬಹುಮಟ್ಟಿಗೆ ಫಿರಂಗಿಗಳ ಮೇಲೂ ಸೇನಾನಿಗಳ ಮೇಲೂ ನಿಲ್ಲುವುದು. ಆದರೆ ಬಿರುಗಾಳಿಯು ಹಾಯಿಯ ನೌಕೆಯನ್ನು ದಡದ ಬಂಡೆಗಳತ್ತ ನೂಕುವಾಗ ಅದಕ್ಕೆ ಕಟ್ಟಕಡೆಯ ಆಶ್ರಯವೆಂದರೆ ಲಂಗರೊಂದೇ.

ಇಂಗ್ಲೆಂಡಿನ ವಿಕ್ಟರಿ ಎಂಬ ಮರದ ಯುದ್ಧನೌಕೆಯು 1765ರಲ್ಲಿ ನೀರಿಗಿಳಿಯಿತು. 1805ರಲ್ಲಿ ಅದರಲ್ಲಿ 800ಕ್ಕೂ ಮಿಕ್ಕ ಜನರಿದ್ದರು. ಅದರ ಅತ್ಯಂತ ದೊಡ್ಡ ಲಂಗರಿನ ತೂಕ 4 ಟನ್ನಿಗೂ ಹೆಚ್ಚು. ಕಬ್ಬಿಣದ ಕಾಂಡ, ಅಡಿಯಲ್ಲಿ ಬಾಗಿದ ಎರಡು ತೋಳುಗಳು, ತಲೆಯಲ್ಲಿ ಅಡ್ಡಲಾಗಿ ಮರದ ತೊಲೆ, ಇದು ಅದರ ಆಕಾರ. ಲಂಗರಿಗೆ ಕಟ್ಟಿದ ನಾರಿನ ಹೊರಜೆಯ ಸುತ್ತಳತೆ ಸುಮಾರು 2 ಅಡಿ. ಉದ್ದ ಸುಮಾರು 600 ಅಡಿ.

ಲಂಗರನ್ನು ಮೇಲೆತ್ತಲು ನೌಕೆಯ ಒಳಗೆ ಕ್ಯಾಪ್‌ಸ್ಟನ್ ಎಂಬ ತಿರುಗುಗಂಬವಿತ್ತು. ಒಂದೇ ಕಂಬವು ಎರಡು ಅಟ್ಟಗಳನ್ನು ಹಾದು ನಿಂತಿದ್ದುದರಿಂದ ಎರಡರಲ್ಲಿಯೂ ಸನ್ನೆಗೋಲುಗಳನ್ನು ಸಿಕ್ಕಿಸಿ, ನೂರಕ್ಕೂ ಮಿಕ್ಕ ನಾವಿಕರು ಎದೆಯೊತ್ತಿ ಸುತ್ತುತ್ತಿದ್ದರು. ಆದರೆ ಅಷ್ಟು ದಪ್ಪದ ಹೊರಜೆಯು ಕಂಬಕ್ಕೆ ಬಳಸುವಂತೆ ಬಾಗದು. ಆದಕಾರಣ ತುದಿಗಳನ್ನು ಕೂಡಿಸಿ ಬಳೆಯಂತೆ ಮಾಡಿದ ತೆಳುವಾದ ಮತ್ತೊಂದು ಹಗ್ಗವನ್ನು, ಮಂದರಕ್ಕೆ ವಾಸುಕಿಯನ್ನು ಸುತ್ತಿದಂತೆ, ಕಂಬಕ್ಕೆ ಸುತ್ತಿ ನೌಕೆಯ ಮುಂಭಾಗದವರೆಗೆ ಒಯ್ಯುತ್ತಿದ್ದರು. ದೂತನೆಂಬ ಅರ್ಥದ ಮೆಸೆಂಜರ್ ಎಂಬುದೇ ಇದರ ಹೆಸರು. ಮುಂಭಾಗದಲ್ಲಿ ಒಳಬರುವ ಹೊರಜೆಯನ್ನು ಗಿಡ್ಡ ಹುರಿಗಳಿಂದ ಈ ದೂತನಿಗೆ ಬಿಗಿಯುವರು. ಹುರಿಗಳನ್ನು ಹಿಡಿದ ಹುಡುಗರು ಅದರೊಡನೆಯೇ ನಡೆದುಬಂದು, ಹೊರಜೆಯು ಕೆಳಗಿನ ಅಟ್ಟಕ್ಕೆ ಇಳಿಯುವ ಬಾಯಿಯ ಬಳಿ ಅವನ್ನು ಬಿಚ್ಚಿಕೊಂಡು ಮತ್ತೆ ಮುಂದಕ್ಕೋಡುವರು.

ಕೆಲಸದಲ್ಲಿ ಅಪಾಯವೂ ಕಡಿಮೆಯಿರಲಿಲ್ಲ. ಕಂಬವು ಹಿಂದಕ್ಕೆ ತಿರುಗದಂತೆ ಬುಡದಲ್ಲಿ ತಡೆಗಳಿದ್ದವು. ಅವು ಮುರಿದರೆ ಲಂಗರಿನ ಭಾರಕ್ಕೆ ಕಂಬವು ಗಿರ್ರನೆ ಹಿಂದಿರುಗಿ ಸನ್ನೆಗೋಲುಗಳು ಜನರನ್ನು ಬಡಿದುರುಳಿಸುತ್ತಿದ್ದವು. ಲಂಗರು ನೀರಿನ ಮೇಲೆ ಕಾಣಿಸಿದ ಬಳಿಕ ನೌಕೆಯ ಮುಂಭಾಗದಿಂದ ಹೊರಚಾಚಿದ ತೊಲೆಗೆ ಅದನ್ನು ರಾಟೆಗಳಿಂದ ಸೇದಿ, ತೋಳುಗಳನ್ನು ಮೇಲೆತ್ತಿ ಪಕ್ಕಕ್ಕೆ ಬಿಗಿಯುತ್ತಿದ್ದರು.

ಈ ಲಂಗರಿನ ಬೆಲೆಯು 1805ರ ಅಕ್ಟೋಬರ್ 21ರಂದು ಟ್ರಫಾಲ್ಗರ್ ಭೂಶಿರದ ಬಳಿ ಗೊತ್ತಾಯಿತು. ಫ್ರೆಂಚ್ ಮತ್ತು ಸ್ಪ್ಯಾನಿಷ್ ನೌಕೆಗಳ ಮೇಲೆ ಜಯವು ದೊರೆಯುತ್ತಿದ್ದಾಗಲೇ ಗುಂಡೇಟಿನಿಂದ ಪ್ರಾಣ ಬಿಡುತ್ತಿದ್ದ ನೆಲ್ಸನ್ನನು, ನೌಕೆಗಳು ಲಂಗರು ಹಾಕಲೇಬೇಕೆಂದು ವಿಕ್ಟರಿಯ ನಾಯಕ ಹಾರ್ಡಿಗೆ ಒತ್ತಿ ಹೇಳಿದನು. ಆದರೆ ಅಧಿಕಾರವು ಕಾಲಿಂಗ್‌ವುಡ್ಡನಿಗೆ ಬಂದಿತು. ಆ ಸಂಜೆ ನೌಕಾಪಡೆಯು ಲಂಗರು ಹಾಕಲಿಲ್ಲ. ಫಿರಂಗಿಯ ಗುಂಡುಗಳು ಹಲವು ನೌಕೆಗಳ ಲಂಗರುಗಳನ್ನೂ ಹೊರಜೆಗಳನ್ನೂ ಕೆಡಿಸಿದ್ದವು. ಮುಂದೆ ಕೆಲವು ದಿನಗಳು ಭೀಕರ ಬಿರುಗಾಳಿ ಬೀಸಿತು. ಸೆರೆಹಿಡಿದ 17 ನೌಕೆಗಳಲ್ಲಿ ಕಡೆಗೆ ಇಂಗ್ಲಿಷರ ಕೈಯಲ್ಲಿ ಉಳಿದವು 4 ಮಾತ್ರ. ಮಿಕ್ಕವುಗಳಲ್ಲಿ ಕೆಲವು ಮುಳುಗಿದವು, ಕೆಲವು ದಡಕ್ಕೆ ಬಡಿದು ಒಡೆದವು, ಕೆಲವನ್ನು ಇಂಗ್ಲಿಷರೇ ನಾಶಮಾಡಬೇಕಾಯಿತು, ಕೆಲವು ಶತ್ರುವಿನ ವಶಕ್ಕೆ ಮರಳಿದವು. ಯುದ್ಧದಲ್ಲಿ ಉಳಿದುಕೊಂಡಿದ್ದ ಎಷ್ಟೋ ಗಾಯಾಳುಗಳು ನೀರುಪಾಲಾದರು.

ಕಾಲಿಂಗ್‌ವುಡ್ಡನು ತಪ್ಪಿದನೇ ಎಂಬುದು ಇಂದಿಗೂ ಚರ್ಚೆಯ ವಿಷಯ. ಗಾಯಗೊಂಡ ನೌಕೆ, ಹರಿದ ಹೊರಜೆ, ದಣಿದ ಜನ ಇವುಗಳಿಂದ ಆಜ್ಞೆಯನ್ನು ನಡೆಸುವುದು ಎಷ್ಟು ಸಾಧ್ಯವಿತ್ತೆಂಬುದನ್ನು ಕ್ಯಾಪ್‌ಸ್ಟನ್ನಿನ ಕೆಲಸವನ್ನು ಬಲ್ಲವರೇ ತೂಗಿ ನೋಡಬಲ್ಲರು. ಮುಂದಿನ ದಶಕಗಳಲ್ಲಿ ನಾರಿನ ಹೊರಜೆಯ ಸ್ಥಾನಕ್ಕೆ ಕಬ್ಬಿಣದ ಸರಪಣಿ ಬಂದಿತು. ಆದರೆ ಟ್ರಫಾಲ್ಗರಿನಲ್ಲಿ ಫಿರಂಗಿಗಳು ಒಂದು ಮಧ್ಯಾಹ್ನದಲ್ಲಿ ಗೆದ್ದುಕೊಟ್ಟುದರ ಬಹುಭಾಗವನ್ನು ಬಿರುಗಾಳಿಯು ಒಂದು ವಾರದೊಳಗೆ ಕಸಿದುಕೊಂಡಿತ್ತು.