ಬಯಲು ಮತ್ತು ಕೆರೆ

ಭೂಗೋಳದ ಮೇಷ್ಟ್ರು ಬೋರ್ಡಿನ ತುಂಬ ಜೇನುಗೂಡಿನಂತೆ ಷಟ್ಕೋನಗಳನ್ನು ಎಳೆದಿದ್ದರು. ಜರ್ಮನಿಯ ವಾಲ್ಟರ್ ಕ್ರಿಸ್ಟಾಲರ್ 1933ರಲ್ಲಿ ಮಂಡಿಸಿದ ಕೇಂದ್ರ ಸ್ಥಳ ಸಿದ್ಧಾಂತ ಅದು. ನೆಲವೆಲ್ಲ ಸಮತಟ್ಟು ಬಯಲು, ಜನರ ಕೊಳ್ಳುವ ಶಕ್ತಿ ಒಂದೇ ಸಮ, ಬೇಕಾದ್ದಕ್ಕೆ ಎಲ್ಲರೂ ಹತ್ತಿರದ ಪೇಟೆಗೇ ಹೋಗ್ತಾರೆ ಅನ್ನೋದು ಅದರ ಲೆಕ್ಕ. ನಾನೂ ಬಾಯಿಪಾಠ ಮಾಡಿ ಪಾಸಾದೆ.

ಹತ್ತಿರ ಅಂದರೆ ಯಾರಿಗೆ ಹತ್ತಿರ? ಕೊಂಕಣದ ಮಹಾಡದಲ್ಲಿ ಚವದಾರ ಕೆರೆ ಊರೊಳಗೇ ಇತ್ತು. ಅದನ್ನು ಅಸ್ಪೃಶ್ಯರಿಗೂ ತೆರೆಯಬೇಕೆಂದು ಪುರಸಭೆ 1924ರಲ್ಲೇ ಠರಾವು ಮಾಡಿತ್ತು. ಆದರೂ ಆ ನೀರು ಮುಟ್ಟಲು 1927ರ ಮಾರ್ಚ್ 20ರಂದು ಸಾವಿರಾರು ಜನ ಅಂಬೇಡ್ಕರರ ಜೊತೆ ಮೆರವಣಿಗೆಯಲ್ಲಿ ನಡೀಬೇಕಾಯ್ತು. ಆಮೇಲೆ ಏಟೂ ತಿಂದರು. ಸವರ್ಣರು ಕೆರೆಗೆ ಪಂಚಗವ್ಯ ಸುರಿದು ಶುದ್ಧಿ ಮಾಡಿಕೊಂಡರು. ಈ ದೂರವನ್ನು ಯಾವ ಮೈಲಿಯಲ್ಲಿ ಅಳೆಯೋದು?

ಕ್ರಿಸ್ಟಾಲರನ ಕಥೆಯನ್ನೂ ಮೇಷ್ಟ್ರು ಪೂರ್ತಿ ಹೇಳಿರಲಿಲ್ಲ. 1940ರಲ್ಲಿ ಆತ ನಾಜಿ ಪಕ್ಷ ಸೇರಿದ. ಹಿಮ್ಲರನ ಕಚೇರಿಗಾಗಿ, ಆಕ್ರಮಿತ ಪೋಲೆಂಡಿನಲ್ಲಿ ಜರ್ಮನರನ್ನು ನೆಲೆಗೊಳಿಸುವ ಊರುಗಳ ಯೋಜನೆಯನ್ನು ಇದೇ ಸಿದ್ಧಾಂತದಿಂದ ತಯಾರಿಸಿದ. ಅಲ್ಲಿ ಬಯಲು ತಾನಾಗಿ ಇರಲಿಲ್ಲ. ಪೋಲರನ್ನೂ ಯೆಹೂದಿಗಳನ್ನೂ ಒಕ್ಕಲೆಬ್ಬಿಸಿ ಬಯಲು ಮಾಡುತ್ತಿದ್ದರು. (ಯುದ್ಧ ಮುಗಿದ ಮೇಲೆ ಕಮ್ಯುನಿಸ್ಟ್ ಪಕ್ಷ ಸೇರಿದನಂತೆ, ಅದು ಬೇರೆ ಮಾತು.) 1966ರಲ್ಲಿ ಆತನ ಪುಸ್ತಕ ಇಂಗ್ಲಿಷಿಗೆ ಬಂತು. ನನ್ನ ನೋಟ್ಸಿನಲ್ಲಿ ಷಟ್ಕೋನವಿತ್ತು, ಪೋಲೆಂಡ್ ಇರಲಿಲ್ಲ.