ಕತ್ತಿವರಸೆ ಕ್ರೀಡೆಯ ಆಡಳಿತ ವ್ಯವಸ್ಥೆ

ಫೆನ್ಸಿಂಗ್ ಎಂದು ಹೆಸರಾದ ಕತ್ತಿವರಸೆಯು 1896ರ ಅಥೆನ್ಸ್ ಒಲಿಂಪಿಕ್ಸ್‌ನಿಂದಲೂ ನಡೆದುಬಂದಿರುವ ಕ್ರೀಡೆಯಾಗಿದೆ. ಸುರಪುರ ನಾಯಕರ ಕಾಲದ ಕತ್ತಿವರಸೆಗೂ ಇದರ ನಿಯಮಗಳಿಗೂ ಸಂಬಂಧವಿಲ್ಲ. ಇದರ ಸರ್ವೋಚ್ಚ ಸಂಸ್ಥೆಯಾದ ಅಂತರರಾಷ್ಟ್ರೀಯ ಫೆನ್ಸಿಂಗ್ ಫೆಡರೇಷನ್ 1913ರಲ್ಲಿ ಪ್ಯಾರಿಸ್‌ನಲ್ಲಿ ಸ್ಥಾಪನೆಗೊಂಡಿದ್ದು, ಕೇಂದ್ರ ಕಚೇರಿಯು ಸ್ವಿಟ್ಜರ್ಲೆಂಡಿನ ಲೋಸಾನ್‌ನಲ್ಲಿದೆ. ಫಾಯಿಲ್, ಎಪೆ, ಸೇಬರ್ ಎಂಬ ಮೂರು ಆಯುಧಗಳ ನಿಯಮಗಳನ್ನೂ ರಕ್ಷಣಾ ಉಡುಪಿನ ಮಾನದಂಡಗಳನ್ನೂ ಈ ಸಂಸ್ಥೆಯೇ ನಿಗದಿಪಡಿಸುತ್ತದೆ. 1982ರ ರೋಮ್ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಎದುರಾಳಿಯ ಮುರಿದ ಅಲಗು ಮುಖಕವಚವನ್ನು ಭೇದಿಸಿದ್ದರಿಂದ ಸೋವಿಯತ್ ಆಟಗಾರ ವ್ಲಾದಿಮಿರ್ ಸ್ಮಿರ್ನೋವ್ ಮೃತಪಟ್ಟರು. ತರುವಾಯ ಸದರಿ ಮಾನದಂಡಗಳನ್ನು ಬಿಗಿಗೊಳಿಸಲಾಯಿತು. ಮುಖಕವಚದಲ್ಲಿ ಮಾಡುವ ಉಳಿತಾಯವು ಉಳಿತಾಯವೆನಿಸದು.

ಖಂಡದ ಮಟ್ಟದಲ್ಲಿ ಏಷ್ಯನ್ ಫೆನ್ಸಿಂಗ್ ಒಕ್ಕೂಟವಿದೆ. 1974ರಲ್ಲಿ ಸ್ಥಾಪಿತವಾದ ಭಾರತೀಯ ಫೆನ್ಸಿಂಗ್ ಸಂಸ್ಥೆಗೆ 1997ರಲ್ಲಿ ಭಾರತ ಸರ್ಕಾರದ ಮಾನ್ಯತೆ ದೊರೆಯಿತು. ತಮಿಳುನಾಡಿನ ಭವಾನಿ ದೇವಿಯವರು 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಸ್ಪರ್ಧಿಸಿ, ಈ ಕ್ರೀಡೆಯಲ್ಲಿ ಒಲಿಂಪಿಕ್ಸ್ ತಲುಪಿದ ಮೊದಲ ಭಾರತೀಯರೆನಿಸಿದರು.

ರಾಷ್ಟ್ರೀಯ ಸಂಸ್ಥೆಯ ಅಡಿಯಲ್ಲಿ ರಾಜ್ಯ ಸಂಸ್ಥೆಯೂ ಅದರ ಅಡಿಯಲ್ಲಿ ಜಿಲ್ಲಾ ಸಂಸ್ಥೆಗಳೂ ಬರುತ್ತವೆ. ಇವು ಸರ್ಕಾರಿ ಕಚೇರಿಗಳಲ್ಲ; ತಂಡದ ಆಯ್ಕೆಯು ಅವುಗಳದೇ ಹೊಣೆಯಾಗಿರುತ್ತದೆ. ಸುರಪುರ ತಾಲ್ಲೂಕಿನ ಕೆಂಭಾವಿಯು 2009ರ ಡಿಸೆಂಬರ್‌ನಲ್ಲಿ ಗುಲಬರ್ಗಾದಿಂದ ಬೇರ್ಪಟ್ಟ ಯಾದಗಿರಿ ಜಿಲ್ಲೆಗೆ ಸೇರಿರುವುದರಿಂದ, ಇಲ್ಲಿನ ಕ್ರೀಡಾಪಟುವಿನ ಮೊದಲ ಮೆಟ್ಟಿಲು ಯಾದಗಿರಿಯೇ ಆಗಿದೆ. ತರಬೇತಿಗೆ ಸೇರುವ ಮುನ್ನ, ಆ ಕೇಂದ್ರವು ರಾಜ್ಯ ಸಂಸ್ಥೆಯಲ್ಲಿ ನೋಂದಾಯಿತವಾಗಿದೆಯೇ ಎಂಬುದನ್ನು ಪೋಷಕರು ವಿಚಾರಿಸುವುದು ಸೂಕ್ತ.