ಹರೆಯದ ಸಾಹಸವೂ ಹಿರಿಯರ ಹೊಣೆಯೂ

ಚಂದಗುಳಿಯ ಕಡೆಯ ಅಡಕೆದೋಟಗಳಲ್ಲಿ ಕೊನೆಗೌಡನು ಒಂದು ಮರದ ತುದಿಯಿಂದ ಇನ್ನೊಂದಕ್ಕೆ ಬಾಗಿ ದಾಟುವದನ್ನು ವಾಚಕರು ಕಂಡಿರುವರು. ಕೆಳಗೆ ನಿಂತ ಹದಿನೈದರ ಹುಡುಗನಿಗೂ ಅದೇ ಆಶೆ. ನೋಡಲು ಗೆಳೆಯರಿದ್ದರಂತೂ ಅದಕ್ಕೆ ಲಗಾಮಿಲ್ಲ. 2005ರಲ್ಲಿ ಗಾರ್ಡನರ್ ಮತ್ತು ಸ್ಟೈನ್‌ಬರ್ಗ್ ಎಂಬ ಅಮೇರಿಕೆಯ ಮನಶ್ಶಾಸ್ತ್ರಜ್ಞರು ಮೋಟಾರು ಓಡಿಸುವ ಆಟವೊಂದನ್ನು ಆಡಿಸಿ, 13ರಿಂದ 16ರ ಪ್ರಾಯದವರು ಒಡನಾಡಿಗಳೆದುರು ಹೆಚ್ಚಿನ ಅಪಾಯಕ್ಕೆ ಕೈಹಾಕುವರೆಂದೂ, 24 ದಾಟಿದವರಲ್ಲಿ ಈ ಭೇದವು ಕಾಣದೆಂದೂ ತೋರಿಸಿದರು. ಹಾಗಾದರೆ ಹುಡುಗರ ಕೆಚ್ಚನ್ನು ಅಳೆಯುವಾಗ ಅವರ ಸುತ್ತ ನಿಂತವರನ್ನೂ ಅಳೆಯಬೇಕಾಗುವದು. ನಮ್ಮ ನೆರೆಸೀಮೆಗಳ ಸ್ವಾತಂತ್ರ್ಯದ ಹೋರಾಟದಲ್ಲಿ ಇದಕ್ಕೆ ಸಾಕಷ್ಟು ಆಧಾರವಿದೆ.

1911ರಲ್ಲಿ ಮೋಟೆಬೆನ್ನೂರಿನಲ್ಲಿ ಹುಟ್ಟಿದ ಮೈಲಾರ ಮಹಾದೇವಪ್ಪನು 1930ರ ದಾಂಡಿಯಾತ್ರೆಯಲ್ಲಿ ಗಾಂಧೀಜಿಯೊಡನೆ ನಡೆದಾಗ ಹದಿನೆಂಟರ ತರುಣ. ಆದರೆ ಆ ಬಿಸಿರಕ್ತಕ್ಕೆ ಅಲ್ಲಿ ಕಟ್ಟುಪಾಡಿತ್ತು: 24 ದಿನಗಳ ನಡಿಗೆ, ಪ್ರಾರ್ಥನೆ, ನೂಲುವಿಕೆ, ದಿನಚರಿ ಬರೆಯುವ ನಿಯಮ. ಮುಂದೆ 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಗುಂಡಿಗೆ ಬಲಿಯಾದಾಗ ಅವನಿಗೆ 31. ಅದನ್ನು ಹರೆಯದ ದುಡುಕೆನ್ನಲು ಬಾರದು. ಇತ್ತ 1942ರಲ್ಲಿ ಹುಬ್ಬಳ್ಳಿಯಲ್ಲಿ ಗುಂಡೇಟಿಗೆ ಮಡಿದ ನಾರಾಯಣ ಡೋಣಿಯಾದರೋ ಇನ್ನೂ ಬಾಲಕನೇ. ಅವನ ಧೈರ್ಯವನ್ನು ಕೊಂಡಾಡುವವರು, ಎಳೆಯನೊಬ್ಬನು ಬಂದೂಕಿನೆದುರು ಹೇಗೆ ಬಂದನೆಂದು ಕೇಳುವದು ಅಪರೂಪ.

ಶಿರಸಿಯಿಂದ ಮೂಡಲಿಗೆ ಸೊರಬವನ್ನು ದಾಟಿದರೆ ಸಿಗುವ ಶಿಕಾರಿಪುರ ತಾಲೂಕಿನ ಈಸೂರಿನ ಕಥೆಯು ಇನ್ನೂ ತೊಡಕಿನದು. 1942ರಲ್ಲಿ ಆ ಹಳ್ಳಿಯವರು ತಾವು ಸ್ವತಂತ್ರರೆಂದು ಸಾರಿ, ತಮ್ಮದೇ ಸರಕಾರವನ್ನು ಹೂಡಿದರು. ಅದರ ಅಮಲದಾರನು ಜಯಣ್ಣನೆಂಬ ಹುಡುಗ. ಪೋಲೀಸು ಅಧಿಕಾರಿಯೂ ಮತ್ತೊಬ್ಬ ಹುಡುಗನೇ. ಬಾಲಕರನ್ನು ಸೆರೆಗೆ ತಳ್ಳಲಾರರೆಂಬುದು ಹಿರಿಯರ ಎಣಿಕೆಯಾಗಿತ್ತು. ಈ ಜಾಣತನವನ್ನು ಮೆಚ್ಚುವವರೇ ಬಹಳ. ನನಗಾದರೋ ಅದರಲ್ಲಿ ವಿನೋದಕ್ಕಿಂತ ಅಳುಕೇ ಹೆಚ್ಚಾಗಿ ತೋರುವದು. ಪದವಿಯೂ ಊರ ಮಂದಿಯ ಜಯಕಾರವೂ ಕೂಡಿ ಬಂದರೆ ಯಾವ ಹುಡುಗನು ಒಲ್ಲೆನೆಂದಾನು? ಆಟವೆಂದು ತೊಡಗಿದುದು ಸೆಪ್ಟೆಂಬರ 28ರಂದು ಆಟವಾಗಿ ಉಳಿಯಲಿಲ್ಲ. ಊರಿಗೆ ಬಂದ ನಿಜವಾದ ಅಮಲದಾರನೂ ಪೋಲೀಸು ಅಧಿಕಾರಿಯೂ ಜನರೊಡನೆ ನಡೆದ ಘರ್ಷಣೆಯಲ್ಲಿ ಹತರಾದರು. ಬಳಿಕ ದಂಡು ಬಂದಿತು. ಜನರು ಮನೆಮಾರು ಬಿಟ್ಟು ಕಾಡು ಸೇರಿದರು. ಹುಡುಗರ ಎಳೆವಯಸ್ಸು ಊರಿಗೆ ಗುರಾಣಿಯಾಗಲಿಲ್ಲ. 1943ರ ಮಾರ್ಚಿಯಲ್ಲಿ ಈಸೂರಿನ ಐವರನ್ನು ಬೆಂಗಳೂರಿನ ಸೆರೆಮನೆಯಲ್ಲಿ ಗಲ್ಲಿಗೇರಿಸಲಾಯಿತು.